ಕಲಬುರಗಿ, ಬೀದರ್ ಹತ್ತಿರ ಬಿಸಿನೀರಿನ ಬುಗ್ಗೆ ಇದೆಯಾ?

ಓದುಗರ ಪ್ರಶ್ನೆ: ನಾವು ಕಲಬುರಗಿಯವರು. ಚಳಿಗಾಲದಲ್ಲಿ ಅವ್ವನನ್ನು ಕಾರಿನಲ್ಲಿ ಯಾವುದಾದರೂ ಬಿಸಿನೀರಿನ ಬುಗ್ಗೆಗೆ ಕರೆದುಕೊಂಡು ಹೋಗಬೇಕು ಅಂತ ಆಸೆ. ಅವರಿಗೆ ಮೊಣಕಾಲು ನೋವು ಜಾಸ್ತಿ. ಬೀದರಿನ ಝರಣಿ ನರಸಿಂಹ ಗುಹೆಯ ನೀರು ಬೆಚ್ಚಗಿರುತ್ತದೆ ಎಂದು ಕೆಲವರು ಹೇಳುತ್ತಾರೆ, ನಿಜವೇ? ಬೆಳಗ್ಗೆ ಹೊರಟು ರಾತ್ರಿ ಊಟಕ್ಕೆ ಮನೆಗೆ ಬರುವಷ್ಟು ದೂರದಲ್ಲಿ ಬೇರೆ ಎಲ್ಲಾದರೂ ಇದೆಯೇ?

ಉತ್ತರ: ರಾತ್ರಿ ಊಟಕ್ಕೆ ವಾಪಸ್ ಬರುವಷ್ಟು ದೂರದಲ್ಲಿ ಇಲ್ಲ. ಕಲಬುರಗಿ, ಬೀದರ್, ಯಾದಗಿರಿ ಈ ಮೂರೂ ಜಿಲ್ಲೆಗಳಲ್ಲಿ ಝರಿಗಳಿವೆ, ಕುಂಡಗಳಿವೆ, ಗುಹೆಯೊಳಗೆ ಹರಿಯುವ ನೀರೂ ಇದೆ. ಆದರೆ ಎಲ್ಲವೂ ತಣ್ಣೀರೇ. ನಿಜವಾದ ಬಿಸಿನೀರು ಬೇಕೆಂದರೆ ನಮಗೆ ಹತ್ತಿರದ ಜಾಗ ಮಹಾರಾಷ್ಟ್ರದ ನಾಂದೇಡ ಜಿಲ್ಲೆಯ ಉನಕೇಶ್ವರ. ಬೀದರಿನಿಂದ ಹೆಚ್ಚುಕಮ್ಮಿ 300 ಕಿ.ಮೀ., ಕಲಬುರಗಿಯಿಂದ 400ಕ್ಕೂ ಜಾಸ್ತಿ. ಯಾದಗಿರಿಯವರು ಇನ್ನೊಂದು 80 ಕಿ.ಮೀ. ಸೇರಿಸಿಕೊಳ್ಳಿ. ಎರಡು ರಾತ್ರಿ ಹೊರಗೆ ಉಳಿಯುವ ತಯಾರಿ ಇದ್ದರೆ ಮಾತ್ರ ಹೊರಡಿ.

ಮೊದಲು ಝರಣಿಯ ವಿಷಯ. ಅಲ್ಲಿ ಸುರಂಗದಂಥ ಗುಹೆಯಲ್ಲಿ ಎದೆಮಟ್ಟದ ನೀರಿನೊಳಗೆ ಸುಮಾರು 300 ಮೀಟರ್ ನಡೆದು ನರಸಿಂಹನ ದರ್ಶನ ಮಾಡಬೇಕು. ಒಳಗೆ ಗಾಳಿ ಕಮ್ಮಿ, ತಲೆ ಮೇಲೆ ಬಾವಲಿಗಳು, ಮುಂದೆ ಹಿಂದೆ ಜನ. ಸೆಖೆ ಆಗದೇ ಇರುತ್ತದೆಯೇ? ಅದರ ಜೊತೆಗೆ ಇನ್ನೊಂದು ಕಾರಣವೂ ಇದೆ. ನೆಲದೊಳಗಿನ ನೀರು ಹೊರಗಿನ ಹವಾಮಾನದ ಹಾಗೆ ದಿನಕ್ಕೊಂದು ಥರ ಇರುವುದಿಲ್ಲ. ಒಂದು ಊರಿನ ಇಡೀ ವರ್ಷದ ಸರಾಸರಿ ಉಷ್ಣಾಂಶ ಎಷ್ಟೋ, ಅಲ್ಲಿನ ಮೇಲುಮೇಲಿನ ಅಂತರ್ಜಲವೂ ಹತ್ತಿರ ಹತ್ತಿರ ಅಷ್ಟೇ ಇರುತ್ತದೆ. ನಮ್ಮ ಕಡೆ ಅದು 26, 27 ಡಿಗ್ರಿ. ಮೇ ತಿಂಗಳಲ್ಲಿ ಹೊರಗೆ 42 ಇದ್ದಾಗ ಆ ನೀರು ತಂಪು. ಡಿಸೆಂಬರ್ ನಸುಕಿನಲ್ಲಿ ಬೀದರಿನ ಗಾಳಿ 10, 12ಕ್ಕೆ ಇಳಿದಾಗ ಅದೇ ನೀರು ಬೆಚ್ಚಗೆ. ನೀರು ಬದಲಾಗಿಲ್ಲ, ನಮ್ಮ ಚರ್ಮಕ್ಕೆ ಹಾಗೆ ಅನಿಸುತ್ತದೆ ಅಷ್ಟೇ. ಚಳಿಗಾಲದಲ್ಲಿ ಹೊಲದ ಬಾವಿ ಮೇಲೆ ಹಬೆ ಆಡುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೀದರಿನ ಝರಿಗಳು ಬಿಸಿಯಾಗದಿರುವುದಕ್ಕೆ ಆ ಊರು ಕುಳಿತ ನೆಲವೇ ಕಾರಣ. ಮೇಲೆ ಕೆಂಪು ಮುರ್ರಂ ಕಲ್ಲಿನ ದಪ್ಪ ಪದರ. ಅದರ ತುಂಬಾ ತೂತು. ಮಳೆ ನೀರು ಸಲೀಸಾಗಿ ಇಳಿಯುತ್ತದೆ. ಕೆಳಗೆ ಜೇಡಿ, ಅದರಡಿ ಕರಿಕಲ್ಲು. ಅಲ್ಲಿ ನೀರಿಗೆ ದಾರಿ ಸಿಗುವುದಿಲ್ಲ. ಆಗ ಅದು ಅಡ್ಡಡ್ಡ ಹರಿದು ಗುಡ್ಡದ ಅಂಚಿನಲ್ಲಿ ಎಲ್ಲಾದರೂ ಹೊರಗೆ ಬರುತ್ತದೆ. ನಾನಕ್ ಝೀರಾ ಗುರುದ್ವಾರದ ಸಿಹಿನೀರು, ಪಾಪನಾಶದ ಕುಂಡ, ಝರಣಿಯ ನೀರು ಎಲ್ಲವೂ ಈ ಏರ್ಪಾಡಿಗೆ ಸೇರಿದವು. ಬಹಮನಿ ಕಾಲದವರು ನೌಬಾದ್ ಹತ್ತಿರ ಸುರಂಗ ಬಾವಿ ತೋಡಿ ಊರಿಗೆ ನೀರು ತಂದದ್ದೂ ಇದೇ ಕೆಂಪು ಕಲ್ಲಿನ ಗುಣ ನೋಡಿಯೇ. ಆದರೆ ಈ ನೀರು ಇಳಿಯುವುದು ಕೆಲವು ಹತ್ತು ಮೀಟರ್ ಆಳಕ್ಕೆ ಮಾತ್ರ. ಅಷ್ಟರಲ್ಲಿ ಬಿಸಿ ಎಲ್ಲಿಂದ ಬರಬೇಕು? ಗಡಿ ದಾಟಿ ಝಹೀರಾಬಾದ್ ಕಡೆ ಇರುವ ಝರಾಸಂಗಮದ ಕೇತಕಿ ಸಂಗಮೇಶ್ವರನ ಕುಂಡದಲ್ಲೂ ತಣ್ಣೀರೇ.

ಹಾಗಾದರೆ ನೀರು ಬಿಸಿಯಾಗಬೇಕೆಂದರೆ ಎಷ್ಟು ಆಳ ಹೋಗಬೇಕು? ಭೂಮಿಯೊಳಗೆ ಒಂದು ಕಿಲೋಮೀಟರ್ ಇಳಿದರೆ ಸಾಮಾನ್ಯವಾಗಿ 25ರಿಂದ 30 ಡಿಗ್ರಿ ಬಿಸಿ ಏರುತ್ತದೆ. ನಮ್ಮ ರೈತರು ಈಗ ಸಾವಿರ ಅಡಿ ಬೋರ್ ಹೊಡೆಸುತ್ತಿದ್ದಾರೆ, ಅಂದರೆ 300 ಮೀಟರ್. ಅಲ್ಲಿನ ಬಂಡೆ ಮೇಲಿನದಕ್ಕಿಂತ ಎಂಟೊಂಬತ್ತು ಡಿಗ್ರಿ ಬಿಸಿ, ಹತ್ತಿರ ಹತ್ತಿರ 35. ಯಾದಗಿರಿ ಕಡೆ ಆಳದ ಬೋರಿನ ಮೊದಲ ನೀರು ಕೈಗೆ ಬೆಚ್ಚಗೆ ತಗಲುವುದು ಇದಕ್ಕೇ. "ನಮ್ಮ ಹೊಲದಲ್ಲಿ ಬಿಸಿನೀರು ಬಿದ್ದಿದೆ" ಎಂದು ಯಾರಾದರೂ ಹೇಳಿದರೆ ಸುಮ್ನೆ ನಗಬೇಡಿ, ಸುಳ್ಳಲ್ಲ ಅದು. ಆದರೆ ಮೋಟಾರಿನಿಂದ ಎಳೆದ ನೀರು ಬುಗ್ಗೆ ಅಲ್ಲ. ಬುಗ್ಗೆ ಎಂದರೆ ಮಳೆ ನೀರು ಬಂಡೆಯ ಬಿರುಕಿನಲ್ಲಿ ಒಂದೆರಡು ಕಿಲೋಮೀಟರ್ ಇಳಿದು, ಕಾದು, ಬೇರೊಂದು ಬಿರುಕು ಹಿಡಿದು ತಾನಾಗಿ ಮೇಲೆ ಬರಬೇಕು. ಬರುವಾಗ ಬೇಗ ಬರಬೇಕು. ನಿಧಾನವಾದರೆ ದಾರಿಯಲ್ಲೇ ಆರಿಹೋಗುತ್ತದೆ. ಇಂಥ ಆಳದ ಜೋಡಿ ದಾರಿ ಎಲ್ಲ ಕಡೆ ಇರುವುದಿಲ್ಲ.

ಇಲ್ಲಿ ಬಹಳ ಜನ ಇನ್ನೊಂದು ಮಾತು ಕೇಳುತ್ತಾರೆ. ಆಳಂದ, ಬೀದರ್ ಕಡೆಯ ಕರಿಕಲ್ಲು ಜ್ವಾಲಾಮುಖಿಯ ಲಾವಾ ಅಲ್ವಾ, ಅದರ ಬಿಸಿ ಕೆಳಗೆ ಇರಬೇಕಲ್ಲ ಎಂದು. ಲಾವಾ ಹೌದು. ಆದರೆ ಅದು ಹರಿದು ಸುಮಾರು 6.6 ಕೋಟಿ ವರ್ಷ ಆಯಿತು. ಆ ಬಿಸಿ ಎಂದೋ ಆರಿದೆ. ಚಿತ್ತಾಪುರ, ಸೇಡಂ, ಶಹಾಬಾದಿನ ಹಾಸುಗಲ್ಲಂತೂ ಅದಕ್ಕಿಂತ ಎಷ್ಟೋ ಹಳೆಯದು. ಯಾದಗಿರಿಯ ಗ್ರಾನೈಟ್ ಇನ್ನೂ ಹಳೆಯದು. 1993ರ ಕಿಲ್ಲಾರಿ ಭೂಕಂಪ ಈ ಭಾಗದ ಹಿರಿಯರಿಗೆ ಚೆನ್ನಾಗಿ ನೆನಪಿದೆ. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದ ಜನ ನೆಲ ನಡುಗಿ ಬಯಲಲ್ಲಿ ಮಲಗಿದ್ದರು. ನಡುಗುವ ನೆಲದಲ್ಲಿ ಬಿರುಕುಗಳಿರುವುದು ನಿಜ. ಆದರೂ ನೆಲ ನಡುಗಿದ ಕಡೆಯೆಲ್ಲ ಬಿಸಿನೀರು ಉಕ್ಕುವುದಿಲ್ಲ.

ಇನ್ನು ಉನಕೇಶ್ವರಕ್ಕೆ ಬರೋಣ. ಅದು ಕಿನವಟ ತಾಲ್ಲೂಕಿನಲ್ಲಿದೆ, ಪೈನಗಂಗಾ ನದಿಯ ಬದಿಗೆ. ಶಿವನ ಗುಡಿ, ಗುಡಿಯ ಬಳಿ ಗಂಧಕದ ವಾಸನೆಯ ಬಿಸಿನೀರಿನ ಕುಂಡ. ಬಿಸಿ 40 ಡಿಗ್ರಿಯ ಆಸುಪಾಸು, ಅಂದರೆ ಸ್ನಾನಕ್ಕೆ ಹದ. ಶರಭಂಗ ಋಷಿಯ ಚರ್ಮರೋಗ ವಾಸಿಯಾಗಲಿ ಎಂದು ರಾಮ ಬಾಣ ಬಿಟ್ಟು ಈ ನೀರು ತರಿಸಿದ ಎನ್ನುವುದು ಅಲ್ಲಿನ ಕಥೆ. ಈಗಲೂ ಚರ್ಮದ ತೊಂದರೆ ಇದ್ದವರೇ ಅಲ್ಲಿಗೆ ಹೆಚ್ಚಾಗಿ ಹೋಗುತ್ತಾರೆ. ಒಂದು ಮಾತು ಮನಸ್ಸಿನಲ್ಲಿರಲಿ: ಇದು ಯಾತ್ರೆಯ ಜಾಗ, ರೆಸಾರ್ಟ್ ಅಲ್ಲ. ಟಿವಿಯಲ್ಲಿ ಕಾಣುವ ಜಪಾನಿನ ಬಿಸಿನೀರಿನ ಕೊಳ ಕಲ್ಪಿಸಿಕೊಂಡು ಹೋದರೆ ನಿರಾಸೆಯಾಗುತ್ತದೆ.

ಬರೀ ಬುಗ್ಗೆಗಾಗಿ 400 ಕಿ.ಮೀ. ಹೋಗಿ ಅಷ್ಟೇ ದೂರ ವಾಪಸ್ ಬರುವುದು ನನಗಂತೂ ದಂಡ ಅನಿಸುತ್ತದೆ. ಆ ದಾರಿಯನ್ನೇ ಒಂದು ಯಾತ್ರೆ ಮಾಡಿಕೊಳ್ಳಿ. ಕಲಬುರಗಿಯಿಂದ ಹುಮನಾಬಾದ್, ಬೀದರ್, ಔರಾದ್, ದೇಗಲೂರು ಮೇಲೆ ನಾಂದೇಡ ಸೇರಿ. ಮೊದಲ ರಾತ್ರಿ ಅಲ್ಲೇ ಇರಲಿ. ಗೋದಾವರಿ ದಂಡೆಯ ಹುಜೂರ್ ಸಾಹಿಬ್ ಇದೆ. ಬೀದರಿನ ನಾನಕ್ ಝೀರಾ ನೋಡಿದ ಸಿಖ್ ಯಾತ್ರಿಗಳು ಅಲ್ಲಿಗೂ ಹೋಗುತ್ತಾರೆ, ಹಾಗಾಗಿ ಈ ದಾರಿ ಹೊಸದೇನಲ್ಲ. ಮರುದಿನ ಭೋಕರ್, ಹಿಮಾಯತನಗರ, ಕಿನವಟ ಮೇಲೆ ಉನಕೇಶ್ವರ. ಅಲ್ಲಿಂದ ಮಾಹೂರ.

ಮಾಹೂರ ಎಂದ ಕೂಡಲೇ ಅವ್ವನ ಮುಖ ಅರಳಬಹುದು. ರೇಣುಕಾದೇವಿಯ ಆ ಗುಡಿ ಮಹಾರಾಷ್ಟ್ರದ ಮೂರೂವರೆ ಶಕ್ತಿಪೀಠಗಳಲ್ಲಿ ಒಂದು. ತುಳಜಾಪುರವೂ ಅದೇ ಸಾಲಿನದು, ಅಲ್ಲಿಗೆ ನಮ್ಮ ಕಡೆಯವರು ಹೋಗುತ್ತಲೇ ಇರುತ್ತಾರೆ. ಗಾಣಗಾಪುರಕ್ಕೆ ನಡೆದುಕೊಳ್ಳುವ ಮನೆತನವಾದರೆ ಇನ್ನೂ ಒಳ್ಳೆಯದು: ದತ್ತಾತ್ರೇಯ ಹುಟ್ಟಿದ್ದು ಮಾಹೂರದ ದತ್ತಶಿಖರದಲ್ಲಿ ಎಂದು ಭಕ್ತರ ನಂಬಿಕೆ. ಹಾಗೆಂದು ನವರಾತ್ರಿಯಲ್ಲೋ ದತ್ತ ಜಯಂತಿಯ ಸುತ್ತಮುತ್ತಲೋ ಹೋಗಬೇಡಿ. ಮೊಣಕಾಲು ನೋವಿನವರಿಗೆ ಆ ಗದ್ದಲ ಆಗಿಬರುವುದಿಲ್ಲ. ರೇಣುಕಾದೇವಿ ಗುಡಿಗೆ ಮೆಟ್ಟಿಲು ಹತ್ತಬೇಕು, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ದತ್ತ ಜಯಂತಿ ಮುಗಿದ ಮೇಲೆ ಜನವರಿ ಕೊನೆಯವರೆಗೆ ಒಳ್ಳೆಯ ಕಾಲ. ಬೇಸಿಗೆಯಲ್ಲಿ ಬಿಸಿನೀರಿಗೆ ಯಾರು ಹೋಗುತ್ತಾರೆ, ನಮ್ಮ ನಲ್ಲಿಯಲ್ಲೇ ಬರುತ್ತದೆ. ಮಳೆಗಾಲದಲ್ಲಿ ಹೋಗುವವರಿಗೆ ಕಿನವಟ ತಾಲ್ಲೂಕಿನ ಸಹಸ್ರಕುಂಡ ಜಲಪಾತ ತುಂಬಿರುತ್ತದೆ ಎನ್ನುವುದೊಂದೇ ಲಾಭ.

ಬೇರೆ ಆಯ್ಕೆಗಳೂ ಇವೆ, ಆದರೆ ಎಲ್ಲವೂ ಇನ್ನೂ ದೂರ. ಕೊಂಕಣದಲ್ಲಿ ಸಾಲು ಸಾಲು ಬಿಸಿನೀರಿನ ಬುಗ್ಗೆಗಳಿವೆ: ರಾಜಾಪುರ, ತುರಳ, ಉನ್ಹವರೆ, ಮಹಾಡ್ ಹತ್ತಿರದ ಸವ್, ಬಲ್ಲಾಳೇಶ್ವರನ ಪಾಲಿ ಹತ್ತಿರದ ಉನ್ಹೇರೆ. ಕೆಲವು ಕಡೆ ನೀರು 60 ಡಿಗ್ರಿ ಮೀರುತ್ತದೆ, ನೇರವಾಗಿ ಮೈಗೆ ಹಾಕಿಕೊಳ್ಳುವ ಹಾಗಿಲ್ಲ. ಕಲಬುರಗಿಯವರಿಗೆ ಇವುಗಳಲ್ಲಿ ಸಲೀಸಾದದ್ದು ಮುಂಬೈ ಕಡೆಯ ವಜ್ರೇಶ್ವರಿ, ಅಕ್ಲೋಲಿ, ಗಣೇಶಪುರಿ. ಮೂರೂ ತಾನಸಾ ನದಿಯ ಬದಿಗೆ ಹತ್ತಿರ ಹತ್ತಿರ ಇವೆ. ವಜ್ರೇಶ್ವರಿಯ ಈಗಿನ ಗುಡಿ ಕಟ್ಟಿಸಿದ್ದು ಚಿಮಾಜಿ ಅಪ್ಪ, 1739ರಲ್ಲಿ ವಸಾಯಿ ಕೋಟೆ ಗೆದ್ದ ಮೇಲೆ. ರಾತ್ರಿ ಮುಂಬೈ ರೈಲು ಹತ್ತಿ ಬೆಳಗ್ಗೆ ಕಲ್ಯಾಣದಲ್ಲಿ ಇಳಿದರೆ ಅಲ್ಲಿಂದ ಟ್ಯಾಕ್ಸಿ ಸಿಗುತ್ತದೆ. ನಿಜ ಹೇಳಬೇಕೆಂದರೆ ವಯಸ್ಸಾದವರ ಜೊತೆ 400 ಕಿ.ಮೀ. ಕಾರಿಗಿಂತ ಈ ರೈಲೇ ಮೇಲು. ಮಡಚಿದ ಮೊಣಕಾಲು ಕಾರಿನಲ್ಲಿ ಬೇಗ ಹಿಡಿದುಕೊಳ್ಳುತ್ತದೆ.

ತೆಲಂಗಾಣದ ಮಣುಗೂರಿನಲ್ಲಿ ಕಲ್ಲಿದ್ದಲು ಹುಡುಕಲು ಕೊರೆದ ಬೋರ್‌ಗಳಿಂದ ಬಿಸಿನೀರು ತಾನಾಗಿ ಉಕ್ಕುತ್ತದೆ. ಸಿಂಗರೇಣಿ ಸಂಸ್ಥೆಯ ಜಾಗದಲ್ಲಿ ಅದರಿಂದ ಕರೆಂಟ್ ತೆಗೆಯುವ 20 ಕಿಲೋವ್ಯಾಟ್‌ನ ಪ್ರಾಯೋಗಿಕ ಘಟಕವನ್ನೂ ಇಟ್ಟರು. ಓದಲು ಚೆನ್ನ, ಆದರೆ ಅವ್ವನನ್ನು ಕರೆದುಕೊಂಡು ಹೋಗುವ ಜಾಗ ಅಲ್ಲ. ನಮ್ಮ ರಾಜ್ಯದ್ದೇ ಬೇಕೆಂದರೆ ಪುತ್ತೂರು ತಾಲ್ಲೂಕಿನ ಇರ್ದೆಯ ಬೆಂದ್ರುತೀರ್ಥ. ಅಲ್ಲಿಗೆ ಕಲಬುರಗಿಯಿಂದ ಹೋಗುವುದೆಂದರೆ ರಾಜ್ಯವನ್ನು ಮೇಲಿನಿಂದ ಕೆಳಗೆ ದಾಟಿದಂತೆ. ಧರ್ಮಸ್ಥಳ, ಸುಬ್ರಹ್ಮಣ್ಯ ನೋಡಲು ಹೋದಾಗ ಸೇರಿಸಿಕೊಳ್ಳಬಹುದು.

ಮೊಣಕಾಲು ನೋವು ಹೋಗುತ್ತದೆಯೇ ಎಂಬುದು ನಿಮ್ಮ ಪ್ರಶ್ನೆಯೊಳಗೆ ಅಡಗಿರುವ ಇನ್ನೊಂದು ಪ್ರಶ್ನೆ. ಬಿಸಿನೀರಿನಲ್ಲಿ ಕುಳಿತರೆ ಬಿಗಿದ ಕೀಲು ಸಡಿಲವಾಗುತ್ತದೆ. ನೀರು ಮೈಭಾರ ಹೊರುವುದರಿಂದ ಕಾಲು ಹಗುರ ಅನಿಸುತ್ತದೆ. ಆ ಹೊತ್ತಿಗೆ, ಬಹಳವೆಂದರೆ ಆ ದಿನಕ್ಕೆ, ಆರಾಮ. ಸವೆದ ಕೀಲು ಅದರಿಂದ ಮತ್ತೆ ಬೆಳೆಯುವುದಿಲ್ಲ. ಮನೆಯಲ್ಲಿ ಬಿಸಿನೀರಿನ ಶಾಖ ಕೊಟ್ಟರೂ ಅಷ್ಟೇ ಆರಾಮ ಸಿಗುತ್ತದೆ. ಔಷಧಿ ಎಂದು ಹೋಗಬೇಡಿ, ಅವ್ವನ ಜೊತೆ ಒಂದು ಪ್ರವಾಸ ಎಂದು ಹೋಗಿ.

ಹೋದಾಗ ನೀರಿಗೆ ಮೊದಲು ಕೈ ಅದ್ದಿ ನೋಡಿ. ಸಕ್ಕರೆ ಕಾಯಿಲೆ ಇದ್ದವರ ಪಾದಕ್ಕೆ ಬಿಸಿ ಸರಿಯಾಗಿ ತಿಳಿಯುವುದಿಲ್ಲ, ಸುಟ್ಟು ಬೊಬ್ಬೆ ಎದ್ದ ಮೇಲೆಯೇ ಗೊತ್ತಾಗುತ್ತದೆ. ಅವರ ಪರವಾಗಿ ಬೇರೆಯವರು ಕೈಯಿಟ್ಟು ನೋಡಬೇಕು. ಬಿಪಿ, ಹೃದಯದ ತೊಂದರೆ ಇದ್ದವರು, ಬಸುರಿಯರು ಡಾಕ್ಟರನ್ನು ಕೇಳದೆ ಇಳಿಯಬಾರದು. ಉಳಿದವರಿಗೂ ಹತ್ತು ಹದಿನೈದು ನಿಮಿಷ ಸಾಕು. ಏಳುವಾಗ ನಿಧಾನವಾಗಿ ಏಳಿಸಿ, ಬಿಸಿನೀರಿನಿಂದ ಥಟ್ಟನೆ ಎದ್ದರೆ ತಲೆ ತಿರುಗುತ್ತದೆ. ಕುಂಡದ ಮೆಟ್ಟಿಲು ಪಾಚಿಗಟ್ಟಿರುತ್ತದೆ, ಕೈ ಹಿಡಿಯದೆ ಬಿಡಬೇಡಿ.

ಮುಳುಗು ಹಾಕುವ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಬೆಚ್ಚಗಿನ ಸಿಹಿನೀರಿನಲ್ಲಿ ನೇಗ್ಲೇರಿಯಾ ಫೌಲೆರಿ ಎಂಬ ಅಮೀಬಾ ಇರಬಹುದು. 46 ಡಿಗ್ರಿ ಬಿಸಿಯವರೆಗೂ ಅದು ಬೆಳೆಯುತ್ತದೆ. ಕುಡಿದರೆ ಅದರಿಂದ ರೋಗ ಬರುವುದಿಲ್ಲ, ಮೂಗಿನೊಳಗೆ ಹೋದರೆ ಮಿದುಳಿಗೆ ಏರುತ್ತದೆ. ಕೇರಳದಲ್ಲಿ ಈಚಿನ ವರ್ಷಗಳಲ್ಲಿ ಸಾವುಗಳಾಗಿವೆ. ಅಪರೂಪದ ರೋಗ, ಆದರೆ ಬಂದವರು ಉಳಿಯುವುದು ತೀರಾ ಕಮ್ಮಿ. ಹಾಗಾಗಿ ಕುತ್ತಿಗೆಯವರೆಗೆ ಮಾತ್ರ ನೀರು. ಮಕ್ಕಳು ಮೂಗು ಮುಳುಗಿಸಿ ಆಡುವುದು ಬೇಡ. ತಲೆ ಮೇಲೆ ತೀರ್ಥ ಹಾಕಿಕೊಳ್ಳಲೇಬೇಕೆಂದರೆ ನಾಲ್ಕು ಹನಿ ಚಿಮುಕಿಸಿಕೊಳ್ಳಲಿ. ಬಾಟಲಿಯಲ್ಲಿ ತುಂಬಿಕೊಂಡು ಬಂದು ಕುಡಿಯುವುದೂ ಬೇಡ. ಆಳದ ಬಂಡೆಯಲ್ಲಿ ಕಾದ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರುವ ಸಂಭವವಿದೆ. ಬೋರಿನ ನೀರು ಕುಡಿದು ಹಲ್ಲು ಹಳದಿಯಾದ ಯಾದಗಿರಿಯ ಹಳ್ಳಿಗಳವರಿಗೆ ಫ್ಲೋರೈಡ್ ಎಂದರೆ ಏನೆಂದು ಗೊತ್ತು.

ಇಷ್ಟು ದೂರ ಆಗದ ಮಾತು ಎಂದಾದರೆ ಒಂದು ದಿನಕ್ಕೆ ಬೀದರ್ ಸಾಕು. ಆದರೆ ಝರಣಿ ಗುಹೆಗೆ ಅವ್ವನನ್ನು ಇಳಿಸಬೇಡಿ, ಎದೆಮಟ್ಟದ ನೀರಿನಲ್ಲಿ ಅಷ್ಟು ದೂರ ನಡೆಯುವುದು ಆ ಕಾಲಿಗೆ ಕಷ್ಟ. ನಾನಕ್ ಝೀರಾದಲ್ಲಿ ಕುಳಿತು ಲಂಗರ್ ಊಟ ಮಾಡಿ ಪಾಪನಾಶ ನೋಡಿಕೊಂಡು ಬನ್ನಿ.

ಉನಕೇಶ್ವರಕ್ಕೇ ಹೊರಟರೆ ಸೋಪು ಹಚ್ಚದೆ ಕುಂಡದಲ್ಲಿ ಮಿಂದು, ಆಮೇಲೆ ಒಂದು ಬಕೆಟ್ ತಣ್ಣೀರು ಮೈಮೇಲೆ ಹಾಕಿಕೊಂಡರೆ ಗಂಧಕದ ವಾಸನೆ ಹೋಗುತ್ತದೆ. ಹಳೆಯ ಟವಲು, ಹಳೆಯ ಸೀರೆ ಇಟ್ಟುಕೊಳ್ಳಿ. ಅವ್ವನ ಬೆಳ್ಳಿ ಕಾಲುಂಗುರ, ಕಾಲ್ಗಡಗ ನೀರಿಗಿಳಿಯುವ ಮುಂಚೆ ತೆಗೆಸಿ, ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ. ಕಾಲುಂಗುರ ತೆಗೆಯಲು ಒಪ್ಪದಿದ್ದರೆ ಬಿಡಿ, ವಾಪಸ್ ಬಂದ ಮೇಲೆ ಸರಾಫ್ ಬಜಾರಿನಲ್ಲಿ ತಿಕ್ಕಿಸಿಕೊಂಡರಾಯಿತು.