ಓದುಗರ ಪ್ರಶ್ನೆ: ಪಕ್ಕದ ಮನೇಲಿ ರೇಡಾನ್ ಕಡಿಮೆ ಬಂದಿದೆ, ನಾವೂ ಟೆಸ್ಟ್ ಮಾಡಬೇಕಾ?

ಪೆನ್ಸಿಲ್ವೇನಿಯಾದಲ್ಲಿ ಹೊಸದಾಗಿ ಮನೆ ತಗೊಂಡ ಓದುಗರೊಬ್ಬರ ಪ್ರಶ್ನೆ ಇದು. ಮಾಡಲೇಬೇಕು. ಪಕ್ಕದ ಮನೆ ಲೆಕ್ಕ ಇಲ್ಲಿ ನಡೆಯಲ್ಲ.

ರೇಡಾನ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ನೆಲದೊಳಗಿನ ಯುರೇನಿಯಂ ತಾನಾಗಿ ಒಡೆದು ಬೇರೆ ಧಾತುಗಳಾಗುತ್ತಾ ಹೋದಂತೆ ಹುಟ್ಟುವ ಈ ವಿಕಿರಣಶೀಲ ಅನಿಲ, ಚಳಿಗಾಲದಲ್ಲಿ ಮನೆಯ ಬಿಸಿಗಾಳಿ ಮೇಲಕ್ಕೇರಿದಾಗ ಬೇಸ್‌ಮೆಂಟಿನ ಬಿರುಕು, ಪೈಪಿನ ಸಂದು, ನೆಲದಡಿಯ ನೀರು ಸೇರುವ ಸಂಪ್ ಗುಂಡಿ ಎಲ್ಲಿಂದಲಾದರೂ ಒಳಗೆ ನುಗ್ಗುತ್ತದೆ. ಅಡಿಪಾಯ ಬೇರೆ, ಬಿರುಕು ಬೇರೆ, ಹಾಗಾಗಿ ಅಳತೆಯೂ ಬೇರೆ.

ಇದು ದೊಡ್ಡ ಸುದ್ದಿಯಾಗಿದ್ದೂ ನಿಮ್ಮ ರಾಜ್ಯದಲ್ಲೇ. 1984ರಲ್ಲಿ ಲಿಮೆರಿಕ್ ಅಣುಸ್ಥಾವರದ ಎಂಜಿನಿಯರ್ ಸ್ಟ್ಯಾನ್ಲಿ ವಾಟ್ರಸ್ ಕೆಲಸಕ್ಕೆ ಬಂದರೆ ವಿಕಿರಣದ ಅಲಾರಂ ಹೊಡೆದುಕೊಳ್ಳುತ್ತಿತ್ತು. ಸ್ಥಾವರದಿಂದ ಮನೆಗೆ ಹೊತ್ತುಕೊಂಡು ಹೋಗ್ತಿದ್ದಾರೆ ಅಂದುಕೊಂಡರೆ, ಮನೆಯಿಂದ ಸ್ಥಾವರಕ್ಕೆ ತರುತ್ತಿದ್ದರು! ಅವರ ಮನೆಯಲ್ಲಿ ಲೀಟರ್ ಗಾಳಿಗೆ ಸುಮಾರು 2,700 ಪಿಕೋಕ್ಯೂರಿ (ವಿಕಿರಣ ಅಳೆಯುವ ಮಾನ) ರೇಡಾನ್ ಇತ್ತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ (EPA) 4 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಸರಿಪಡಿಸಿ ಅನ್ನುತ್ತದೆ. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 21,000 ಜನ ರೇಡಾನ್‌ನಿಂದ ಶ್ವಾಸಕೋಶದ ಕ್ಯಾನ್ಸರ್ ಬಂದು ಸಾಯುತ್ತಾರೆ ಅನ್ನುವುದೂ ಅದರದೇ ಅಂದಾಜು.

ಟೆಸ್ಟ್ ಸುಲಭ. ಟೆಸ್ಟ್ ಕಿಟ್‌ನಲ್ಲಿ ಬರುವ ಇದ್ದಿಲಿನ ಪುಟ್ಟ ಡಬ್ಬಿಯನ್ನು ನೀವು ಬಳಸುವ ಎಲ್ಲಕ್ಕಿಂತ ಕೆಳಗಿನ ಮಹಡಿಯಲ್ಲಿಟ್ಟು, ಕೆಲವು ದಿನ ಬಿಟ್ಟು ಲ್ಯಾಬಿಗೆ ಕಳಿಸಬೇಕು. ಡಬ್ಬಿ ಇಡುವ 12 ಗಂಟೆ ಮೊದಲಿಂದ ಟೆಸ್ಟ್ ಮುಗಿಯುವವರೆಗೂ ಕಿಟಕಿ ಮುಚ್ಚಿರಬೇಕು. ನಮ್ಮನೇಲಿ ಎರಡನೇ ದಿನ ಒಗ್ಗರಣೆ ಘಾಟಿಗೆ ಎಲ್ಲಾ ಕಿಟಕಿ ತೆರೆದು ಒಂದು ಕಿಟ್ ಸುಮ್ನೆ ವೇಸ್ಟ್ ಆಯಿತು. ಊರಿಂದ ಬಂದ ಅಪ್ಪ ಅಮ್ಮನಿಗೆ ಬೇಸ್‌ಮೆಂಟಿನಲ್ಲೇ ರೂಮು ಮಾಡಿಕೊಡುವವರು ನಾವು, ಅಲ್ವಾ? ಅಲ್ಲೇ ಡಬ್ಬಿ ಇಡಿ.

ಜಾಸ್ತಿ ಬಂದರೆ ಬರೀ ಬಿರುಕು ಮುಚ್ಚಿದರೆ ಸಾಲದು. ಕಾಂಕ್ರೀಟ್ ನೆಲದ ಕೆಳಗಿಂದ ಪೈಪ್ ಎಳೆದು, ಫ್ಯಾನ್ ಹಾಕಿ, ಗಾಳಿಯನ್ನು ಸೂರಿನ ಮೇಲೆ ಬಿಡಿಸಬೇಕು. ಆಮೇಲೆ ಇನ್ನೊಂದು ಸಲ ಅಳೆಯಿರಿ.

ಕಷ್ಟ ಇರುವುದು ಬಾಯಿ ಬಿಡುವುದರಲ್ಲಿ. ಮನೆ ಬೆಲೆ ಬಿದ್ದೀತು ಅಂತ ನಂಬರ್ ಮುಚ್ಚಿಡುತ್ತಾರೆ. ಜಾಗೃತಿಗೆ ಅಂತ ಕನ್ನಡ ಕೂಟದಲ್ಲಿ ಭಾಷಣ ಇಟ್ಟರೆ ಜನ ಊಟದ ಹೊತ್ತಿಗೇ ಬರೋದು. ಅದರ ಬದಲು, "ನಮ್ಮನೇಲಿ 7 ಬಂತು, ಫ್ಯಾನ್ ಹಾಕಿಸಿದೆವು, ಈಗ 1" ಅಂತ ಒಬ್ಬರು ಹೇಳಲಿ, ಆ ಪೈಪ್ ತೋರಿಸಲಿ. ಅಮೆರಿಕದಲ್ಲಿ ರೇಡಾನ್ ಜಾಗೃತಿ ಮಾಸ ಜನವರಿ. ಕಿಟಕಿಗಳೂ ಮುಚ್ಚಿರುತ್ತವೆ, ಸಂಕ್ರಾಂತಿಯೂ ಆಗಲೇ. ಎಳ್ಳುಬೆಲ್ಲ ಬೀರೋಕೆ ಹೇಗೂ ಮನೆಮನೆಗೆ ಹೋಗ್ತೀರಿ, ಜೊತೆಗೆ ಒಂದೊಂದು ಕಿಟ್ ಕೊಟ್ಟು ಬನ್ನಿ.