ಶಿವಪುರಾಣದಲ್ಲಿ ಶಿವ, ಭಾಗವತದಲ್ಲಿ ವಿಷ್ಣು: ಪರದೈವ ಯಾರು?

ಪ್ರಶ್ನೆ: ನಾವು ಬೆಂಗಳೂರಿನ ಬಸವನಗುಡಿಯವರು. ಶಿವರಾತ್ರಿಯಂದು ಕೇಳಿದ ಶಿವಪುರಾಣದಲ್ಲಿ ಬ್ರಹ್ಮ, ವಿಷ್ಣು ಇಬ್ಬರೂ ಶಿವನ ಜ್ಯೋತಿಸ್ತಂಭದ ತುದಿ-ಬುಡ ಕಾಣದೆ ಸೋಲುತ್ತಾರೆ. ಭಾಗವತ ಸಪ್ತಾಹದಲ್ಲಿ ಭೃಗು ಮಹರ್ಷಿ ತ್ರಿಮೂರ್ತಿಗಳನ್ನು ಪರೀಕ್ಷಿಸಿದ ಮೇಲೆ ವಿಷ್ಣುವೇ ಶ್ರೇಷ್ಠನೆಂಬ ತೀರ್ಮಾನವಾಗುತ್ತದೆ. ಎರಡೂ ವ್ಯಾಸರ ಹೆಸರಿನಲ್ಲೇ ಇರುವಾಗ ಯಾವುದನ್ನು ನಂಬಬೇಕು?

ಉತ್ತರ: 'ಎಲ್ಲ ದೇವರೂ ಒಂದೇ' ಎಂದು ಹೇಳಿ ಈ ಪ್ರಶ್ನೆಯನ್ನು ಮುಗಿಸಿಬಿಡುವುದು ನಮ್ಮಲ್ಲಿ ರೂಢಿ. ಅದಕ್ಕೆ ಬಸವಣ್ಣನವರ 'ದೇವನೊಬ್ಬ ನಾಮ ಹಲವು' ಎಂಬ ಮಾತನ್ನು ಆಧಾರವಾಗಿ ಕೊಡುವುದೂ ಉಂಟು. ಆದರೆ ಆ ವಚನ ಅಲ್ಲಿಗೆ ನಿಲ್ಲುವುದಿಲ್ಲ; 'ಪರಮ ಪತಿವ್ರತೆಗೆ ಗಂಡನೊಬ್ಬ' ಎಂದು ಮುಂದುವರಿದು, ಮತ್ತೊಂದಕ್ಕೆರಗಿದರೆ ಕಿವಿ-ಮೂಗು ಹೋದೀತೆಂದು ಎಚ್ಚರಿಸುತ್ತದೆ. ಹೆಸರುಗಳು ಹಲವೆಂದು ಒಪ್ಪಿದವರೂ ನಿಷ್ಠೆಯ ವಿಷಯದಲ್ಲಿ ಸಡಿಲರಾಗಿರಲಿಲ್ಲ.

ಗ್ರಂಥಗಳಲ್ಲಿರುವ ಭೇದ ತೋರಿಕೆಯದಲ್ಲ. ಐತರೇಯ ಬ್ರಾಹ್ಮಣವು ದೇವತೆಗಳಲ್ಲಿ ಅಗ್ನಿ ಕೆಳಗಿನವನು, ವಿಷ್ಣು ಮೇಲಿನವನು, ಉಳಿದವರೆಲ್ಲ ನಡುವಿನವರು ಎಂದು ಆರಂಭವಾಗುತ್ತದೆ. ಶ್ವೇತಾಶ್ವತರ ಉಪನಿಷತ್ತು ರುದ್ರನೊಬ್ಬನೇ, ಎರಡನೆಯವನಿಲ್ಲ ಎನ್ನುತ್ತದೆ. ಮಾರ್ಕಂಡೇಯ ಪುರಾಣದೊಳಗಿನ ದೇವೀಮಾಹಾತ್ಮ್ಯದಲ್ಲಿ ವಿಷ್ಣು ಮಲಗಿರುವುದು ಯೋಗನಿದ್ರೆಯಾದ ದೇವಿಯ ವಶದಲ್ಲಿ. ಬ್ರಹ್ಮನು ಆಕೆಯನ್ನು ಸ್ತುತಿಸಿ, ಆಕೆ ವಿಷ್ಣುವನ್ನು ಬಿಟ್ಟು ಹೊರಬಂದ ಮೇಲೆಯೇ ಮಧು-ಕೈಟಭರ ವಧೆ.

ಆದರೂ ಈ ಗ್ರಂಥಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದರೆ ಒಂದು ಸಂಗತಿ ಕಾಣುತ್ತದೆ. ಜಗತ್ತು ಯಾರಿಂದ ಹುಟ್ಟಿ, ಯಾರಲ್ಲಿ ನಿಂತು, ಯಾರಲ್ಲಿ ಲಯವಾಗುತ್ತದೆಯೋ ಅವರೇ ಪರದೈವವೆಂಬ ಲಕ್ಷಣದಲ್ಲಿ ಜಗಳವಿಲ್ಲ. ಆ ಪೀಠದಲ್ಲಿ ಕುಳಿತವರು ಯಾರೆಂಬುದರಲ್ಲಿ ಮಾತ್ರ ಜಗಳ.

ಅದನ್ನು ಬಗೆಹರಿಸಲು ಪಂಡಿತರು ಹಲವು ದಾರಿ ಹಿಡಿದರು. ಪದ್ಮಪುರಾಣವು ಹದಿನೆಂಟು ಪುರಾಣಗಳನ್ನು ಸಾತ್ತ್ವಿಕ, ರಾಜಸ, ತಾಮಸ ಎಂದು ಆರಾರಾಗಿ ವಿಂಗಡಿಸಿ, ಶಿವಪರವಾದ ಲಿಂಗ, ಸ್ಕಾಂದ ಮೊದಲಾದವನ್ನು ತಾಮಸದ ಸಾಲಿಗೆ ಸೇರಿಸಿತು. (ತನ್ನನ್ನು ಸಾತ್ತ್ವಿಕದಲ್ಲಿ ಇಟ್ಟುಕೊಂಡಿತೆಂದು ಬೇರೆ ಹೇಳಬೇಕಾಗಿಲ್ಲ.) ಶೈವರು ಇದನ್ನು ಒಪ್ಪಲು ಕಾರಣವೇ ಇರಲಿಲ್ಲ. ಇದಕ್ಕಿಂತ ಹೆಚ್ಚು ಉಪಯುಕ್ತವಾದದ್ದು ವೇದವಾಕ್ಯಗಳ ಅರ್ಥ ನಿರ್ಣಯಿಸುವ ಮೀಮಾಂಸಕರ 'ನಹಿ ನಿಂದಾ' ನ್ಯಾಯ: ನಿಂದೆಯ ಉದ್ದೇಶ ನಿಂದೆಗೊಳಗಾದದ್ದನ್ನು ಹಳಿಯುವುದಲ್ಲ, ವಿಧಿಸಬೇಕೆಂದಿರುವುದನ್ನು ಹೊಗಳುವುದು. ಈ ಕಣ್ಣಿನಿಂದ ನೋಡಿದರೆ ಜ್ಯೋತಿಸ್ತಂಭದ ಕಥೆಯಲ್ಲಿ ವಿಷ್ಣುವಿನ ಸೋಲು ಶಿವಭಕ್ತನ ನಿಷ್ಠೆಯನ್ನು ಗಟ್ಟಿಮಾಡುವ ಸ್ತುತಿ. ಭೃಗುವಿನ ಕಥೆಗೂ ಅದೇ ಮಾತು ಸಲ್ಲುತ್ತದೆ. ನಿಮ್ಮ ಎರಡು ಕಥೆಗಳ ಮಟ್ಟಿಗೆ ಇದೇ ಸಮಂಜಸವಾದ ಓದು ಎಂದು ನನಗೆ ತೋರುತ್ತದೆ.

ಆದರೆ ಎಲ್ಲ ಆಚಾರ್ಯರೂ ಇದರಿಂದ ತೃಪ್ತರಾಗಲಿಲ್ಲ. ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜರ ಪ್ರಕಾರ ಉಪನಿಷತ್ತಿನ ಸತ್, ಆತ್ಮ, ಬ್ರಹ್ಮ ಎಂಬ ಸಾಮಾನ್ಯ ಪದಗಳು ನಾರಾಯಣ ಎಂಬ ವಿಶೇಷ ಪದದಲ್ಲಿ ನೆಲೆಗೊಳ್ಳುತ್ತವೆ. ಅವರ ಪರಂಪರೆಯವರು ವ್ಯಾಕರಣವನ್ನೂ ಸಾಕ್ಷಿಗೆ ಕರೆದರು: 'ನಾರಾಯಣ' ಪದದ 'ಣ'ಕಾರ ಪಾಣಿನಿಯ ಸೂತ್ರದಂತೆ ಸಂಜ್ಞಾಪದದಲ್ಲಿ (ಹೆಸರಾಗಿ ನಿಂತ ಪದದಲ್ಲಿ) ಮಾತ್ರ ಬರುವುದರಿಂದ ಅದು ಒಬ್ಬನಿಗೇ ಸಲ್ಲುವ ಹೆಸರು, 'ಶಿವ' ಎಂಬುದಾದರೋ ಮಂಗಳ ಎಂಬ ಅರ್ಥದ ಗುಣವಾಚಕವೂ ಆಗಬಲ್ಲದು. ಪರದೈವದ ನಿರ್ಣಯ ಒಂದು ಅಕ್ಷರದ ಮೇಲೆ ನಿಂತ ಅಪರೂಪದ ವಾದವಿದು. ಮಧ್ವರಲ್ಲಿ ಹರಿಯೇ ಸರ್ವೋತ್ತಮ, ಉಳಿದ ದೇವತೆಗಳಿಗೆ ತಾರತಮ್ಯದ, ಎಂದರೆ ಮೇಲು-ಕೆಳಗಿನ ಕ್ರಮದ ಸ್ಥಾನ. ಶಿವನು ಅಲ್ಲಿ ಮನಸ್ಸಿನ ಅಭಿಮಾನಿ ದೇವತೆ, ಎಂದರೆ ಮನಸ್ಸನ್ನು ನಿಯಂತ್ರಿಸುವ ದೇವತೆ. ಅತ್ತ ಶ್ರೀಕಂಠ ಮತ್ತು ಶ್ರೀಪತಿ ಪಂಡಿತರು ಈ ಆಚಾರ್ಯರೂ ಭಾಷ್ಯ ಬರೆದ ಬ್ರಹ್ಮಸೂತ್ರಗಳಿಗೇ ಶಿವಪರವಾದ ಭಾಷ್ಯ ಬರೆದರು. ಶಂಕರರ ಅದ್ವೈತದಲ್ಲಿ ಪರಮಾರ್ಥವಾದ ಬ್ರಹ್ಮ ನಿರ್ಗುಣ. ಹೆಸರು-ರೂಪಗಳಿರುವುದು ಉಪಾಸನೆಯ ಸ್ತರದಲ್ಲಿ.

ಚಾಮರಾಜಪೇಟೆ, ಬಸವನಗುಡಿಗಳ ಸ್ಮಾರ್ತ ಮನೆಗಳಲ್ಲಿ ಇಂದಿಗೂ ಕಾಣುವ ಪಂಚಾಯತನ ಪೂಜೆ ಈ ಅದ್ವೈತದ ನೆರಳಿನಲ್ಲಿ ಬೆಳೆದದ್ದು. ಶಿವ, ವಿಷ್ಣು, ದೇವಿ, ಸೂರ್ಯ, ಗಣಪತಿ ಐವರೂ ಒಂದೇ ತಟ್ಟೆಯಲ್ಲಿರುತ್ತಾರೆ. ನಡುವೆ ಕೂರುವುದು ಆ ಮನೆಯವರ ಇಷ್ಟದೇವತೆ, ಉಳಿದ ನಾಲ್ವರು ಮೂಲೆಗಳಲ್ಲಿ; ಪಕ್ಕದ ಮನೆಯಲ್ಲಿ ನಡುವಿನವರು ಬೇರೆಯಾಗಿರಬಹುದು, ಆಗ ಮೂಲೆಗಳ ಕ್ರಮವೂ ಬದಲಾಗುತ್ತದೆ.