ಉಳ್ಳವರ ಮೆಚ್ಚುಗೆ

ಫೇಸ್‌ಬುಕ್‌ನಲ್ಲಿ ಒಂದು ಲೈಕ್‌ನ ಬೆಲೆ ಎಷ್ಟೆಂದು ಯಾರೂ ಕೇಳುವುದಿಲ್ಲ. 2016ರಲ್ಲಿ ನೆಡ್ ಸ್ಕಾಟ್ ಮತ್ತು ಡ್ಯಾನ್ ಲಾರಿಮರ್ ಆರಂಭಿಸಿದ ಸ್ಟೀಮಿಟ್ ಎಂಬ ತಾಣದಲ್ಲಿ ಮಾತ್ರ ಕೇಳಬೇಕಾಗಿಯೇ ಇರಲಿಲ್ಲ. ಪ್ರತಿ ಬರಹದ ಕೆಳಗೂ ಅದರ ಗಳಿಕೆ ಡಾಲರ್ ಲೆಕ್ಕದಲ್ಲಿ ಕಾಣುತ್ತಿತ್ತು. ಹೊಸದಾಗಿ ಸೃಷ್ಟಿಯಾಗುತ್ತಲೇ ಇರುವ ಸ್ಟೀಮ್ ಎಂಬ ಕ್ರಿಪ್ಟೊ ನಾಣ್ಯದ ಒಂದು ಪಾಲನ್ನು, ಓದುಗರ ಓಟು ನೋಡಿ, ಬರೆದವರಿಗೆ ಹಂಚುವ ಏರ್ಪಾಡು ಅದು. ಕೇಳಲು ಸೊಗಸಾಗಿತ್ತು.

ತೊಡಕು ಇದ್ದದ್ದು ಓಟಿನಲ್ಲಿ. ಒಬ್ಬರಿಗೆ ಒಂದೇ ಓಟು ಎಂದರೆ ಸಾವಿರ ನಕಲಿ ಖಾತೆ ತೆರೆಯುವವರನ್ನು ತಡೆಯುವುದು ಹೇಗೆ? ಅದಕ್ಕಾಗಿ ಓಟಿನ ತೂಕವನ್ನು ಖಾತೆಯಲ್ಲಿ ಕಟ್ಟಿಟ್ಟ ನಾಣ್ಯಕ್ಕೆ ಜೋಡಿಸಿದರು. ಹಾಗೆ ಕಟ್ಟಿಟ್ಟದ್ದರ ಹೆಸರು ಸ್ಟೀಮ್ ಪವರ್. ಅದನ್ನು ಪೂರ್ತಿ ಬಿಡಿಸಿಕೊಳ್ಳಲು ಮೊದಲು ಎರಡು ವರ್ಷ, ಆಮೇಲೆ 13 ವಾರ ಹಿಡಿಯುತ್ತಿತ್ತು. ಹಣ ಹೂಡಿದವರು ತಾಣದ ಏಳಿಗೆಗಾಗಿ ಒಳ್ಳೆಯ ಬರಹವನ್ನೇ ಎತ್ತಿಹಿಡಿಯುತ್ತಾರೆ ಎಂಬ ನಂಬಿಕೆ. ಷೇರುದಾರರ ಸಭೆಗೆ ಒಪ್ಪುವ ಈ ತರ್ಕ ಕವಿತೆಗೂ ಒಪ್ಪುತ್ತದೆ ಎನ್ನುವುದು ನನಗಂತೂ ಅತಿಯಾದ ಆಸೆಯಾಗಿ ಕಾಣುತ್ತದೆ.

ಮೊದಲ ಸೂತ್ರದಲ್ಲಿ ಓಟುಗಳ ಒಟ್ಟು ತೂಕದ ವರ್ಗಕ್ಕೆ ಅನುಗುಣವಾಗಿ ಸಂಭಾವನೆ ಸಿಗುತ್ತಿತ್ತು. ಒಂದೊಂದು ತೂಕದ ನೂರು ಜನ ಮೆಚ್ಚಿದ ಬರಹದ ಅಂಕ 100ರ ವರ್ಗ, ಅಂದರೆ 10,000. ಸಾವಿರ ತೂಕದ ಒಬ್ಬನೇ ಮೆಚ್ಚಿದ ಬರಹದ ಅಂಕ 10 ಲಕ್ಷ. ಹಣದಲ್ಲಿ ಹತ್ತು ಪಟ್ಟು ಅಂತರ, ಫಲದಲ್ಲಿ ನೂರು ಪಟ್ಟು! ಹಲವರು ಒಮ್ಮತದಿಂದ ಮೆಚ್ಚಿದ್ದಕ್ಕೆ ಹೆಚ್ಚು ಸಿಗಲಿ, ತನಗೆ ತಾನೇ ಓಟು ಹಾಕಿಕೊಳ್ಳುವ ಚಿಲ್ಲರೆ ಆಟ ನಡೆಯದಿರಲಿ ಎಂಬುದು ಸೂತ್ರ ರಚಿಸಿದವರ ಉದ್ದೇಶ. ಒಬ್ಬನೇ ಸಾವಿರ ಜನರಷ್ಟು ತೂಗಬಲ್ಲ ಕಡೆ ಒಮ್ಮತಕ್ಕೇನು ಕೆಲಸ? ಇಂಥವರನ್ನು ಅಲ್ಲಿ ತಿಮಿಂಗಿಲಗಳೆಂದೇ ಕರೆಯುತ್ತಿದ್ದರು. ಸಂಭಾವನೆಯ ಕಾಲು ಭಾಗ ಓಟು ಹಾಕಿದವರಿಗೂ ಹೋಗುತ್ತಿದ್ದುದರಿಂದ, ತಿಮಿಂಗಿಲ ಯಾವುದನ್ನು ಮೆಚ್ಚೀತು ಎಂದು ಊಹಿಸಿ ಅದಕ್ಕಿಂತ ತುಸು ಮೊದಲೇ ಓಟು ಒತ್ತುವುದು ಲಾಭದ ಕಸುಬಾಯಿತು. ಬರಹವನ್ನು ಓದಲೇಬೇಕೆಂದೇನೂ ಇರಲಿಲ್ಲ. ತಂತ್ರಾಂಶವೇ ಓಟು ಹಾಕುತ್ತಿತ್ತು.

ದೂರು ಹೆಚ್ಚಾಗಿ 2017ರ ಜೂನ್‌ನಲ್ಲಿ ವರ್ಗವನ್ನು ಕೈಬಿಟ್ಟು ನೇರ ಅನುಪಾತಕ್ಕೆ ಬಂದರು. ಸಣ್ಣವರ ಓಟಿಗೂ ಬೆಲೆ ಬಂತು, ನಿಜ. ಆದರೆ ಓಟನ್ನು ಎಲ್ಲಿ ಹಾಕಿದರೂ ಅದರ ಬೆಲೆ ಒಂದೇ ಆದಾಗ ಅದನ್ನು ಮಾರುವುದು ಸುಲಭ. ಪೂರ್ಣ ತೂಕದ ಒಂದು ಓಟಿಗೆ ಖಾತೆಯ ಓಟು ಹಾಕುವ ಶಕ್ತಿಯಲ್ಲಿ ಶೇ 2 ಕರಗುತ್ತದೆ. ದಿನಕ್ಕೆ ಶೇ 20 ಮರಳಿ ತುಂಬುವುದರಿಂದ ಆ ಶೇ 2 ತುಂಬಿಕೊಳ್ಳಲು 2.4 ಗಂಟೆ ಬೇಕು. ಸರಿಯಾಗಿ ಅಷ್ಟೇ ಅವಧಿಗೊಮ್ಮೆ ಹರಾಜು ನಡೆಸುವ ಬಾಟ್‌ಗಳು, ಅಂದರೆ ತಾವಾಗಿಯೇ ಓಟು ಹಾಕುವ ತಂತ್ರಾಂಶ ಖಾತೆಗಳು, ಹುಟ್ಟಿದವು. ನಾಣ್ಯ ಕಳುಹಿಸಿ, ಜೊತೆಗಿನ ಟಿಪ್ಪಣಿಯಲ್ಲಿ ಬರಹದ ಕೊಂಡಿ ಹಾಕಿದರಾಯಿತು, ಕೊಟ್ಟ ಹಣದ ಪ್ರಮಾಣಕ್ಕೆ ತಕ್ಕ ಓಟು ಬಂದು ಬೀಳುತ್ತಿತ್ತು. ಗಳಿಕೆ ಹೆಚ್ಚಿದ್ದ ಬರಹಗಳೇ ಟ್ರೆಂಡಿಂಗ್ ಪುಟದ ತಲೆಯಲ್ಲಿ ಕೂರುತ್ತಿದ್ದುದರಿಂದ, ಜಾಹೀರಾತಿಲ್ಲದ ತಾಣದ ಮುಖಪುಟವೇ ಜಾಹೀರಾತಾಯಿತು. ಈ ವಹಿವಾಟು ಬ್ಲಾಕ್‌ಚೈನ್ ಎಂಬ ಸಾರ್ವಜನಿಕ ದಾಖಲೆಯ ಸರಪಳಿಯಲ್ಲಿ ಎಲ್ಲರ ಕಣ್ಣೆದುರೇ ದಾಖಲಾಗುತ್ತಿತ್ತು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಅದನ್ನು ಜಾಲಾಡಿದಾಗ, ನಾಣ್ಯ ವರ್ಗಾವಣೆಗಳಲ್ಲಿ ಶೇ 16ಕ್ಕೂ ಹೆಚ್ಚು ಬಾಟ್ ಎಂದು ಶಂಕಿಸಲಾದ ಖಾತೆಗಳಿಗೆ ಹೋಗಿದ್ದು ಕಂಡಿತು. ಅದೇ ವರ್ಷ ಸೂತ್ರವನ್ನು ಮತ್ತೆ ತಿದ್ದಿದರು. ಓಟು ಹಾಕಿದವರ ಪಾಲು ಅರ್ಧಕ್ಕೇರಿತು.

ಬರಹಕ್ಕೆ ಬೆಲೆ ಕಟ್ಟುತ್ತಿದ್ದ ನಾಣ್ಯವೇ ಆಡಳಿತವನ್ನೂ ನಡೆಸುತ್ತಿತ್ತು. ಜಾಲವನ್ನು ಕಾಯುವ 20 ಮುಖ್ಯ ಸಾಕ್ಷಿಗಳನ್ನು (ವಹಿವಾಟನ್ನು ಪರಿಶೀಲಿಸಿ ದಾಖಲಿಸುವವರನ್ನು) ಆರಿಸುವುದೂ ಕಟ್ಟಿಟ್ಟ ನಾಣ್ಯದ ತೂಕದಿಂದಲೇ. 2020ರ ಫೆಬ್ರವರಿಯಲ್ಲಿ ಟ್ರಾನ್ ಎಂಬ ಇನ್ನೊಂದು ಕ್ರಿಪ್ಟೊ ಜಾಲದ ಸ್ಥಾಪಕ ಜಸ್ಟಿನ್ ಸನ್ ಸ್ಟೀಮಿಟ್ ಕಂಪನಿಯನ್ನು ಕೊಂಡಾಗ, ಆರಂಭದಲ್ಲೇ ಕಂಪನಿ ಕಂಪ್ಯೂಟರ್ ಲೆಕ್ಕದಿಂದ (ಮೈನಿಂಗ್) ಸೃಷ್ಟಿಸಿಕೊಂಡಿದ್ದ ಭಾರಿ ನಾಣ್ಯರಾಶಿಯೂ ಅವರ ಕೈ ಸೇರಿತು. ಸಾಕ್ಷಿಗಳು ಹೆದರಿ ಅದನ್ನು ಸ್ತಂಭನಗೊಳಿಸಿದರು. ಮಾರ್ಚ್ ಆರಂಭದಲ್ಲಿ ಬೈನಾನ್ಸ್, ಹುವೋಬಿ, ಪೊಲೊನಿಯೆಕ್ಸ್ ಎಂಬ ಕ್ರಿಪ್ಟೊ ವಿನಿಮಯ ಕೇಂದ್ರಗಳು ಗ್ರಾಹಕರು ಠೇವಣಿಯಿಟ್ಟಿದ್ದ ನಾಣ್ಯಗಳನ್ನೇ ಕಟ್ಟಿಟ್ಟು ಸನ್ ಪರವಾಗಿ ಓಟು ಹಾಕಿ ಹಳೆಯ ಸಾಕ್ಷಿಗಳನ್ನು ಕೆಳಗಿಳಿಸಿದವು. ಟೀಕೆ ಕೇಳಿಬಂದ ಮೇಲೆ ಬೈನಾನ್ಸ್ ತನ್ನ ಓಟನ್ನು ಹಿಂದೆಗೆದುಕೊಂಡಿತು. ಮಾರ್ಚ್ 20ರಂದು ಬಳಕೆದಾರರ ಒಂದು ದೊಡ್ಡ ಗುಂಪು ಇಡೀ ದಾಖಲೆಯನ್ನು ನಕಲು ಮಾಡಿಕೊಂಡು ಹೈವ್ ಎಂಬ ಹೊಸ ಸರಪಳಿ ಕಟ್ಟಿತು. ಕಂಪನಿಯ ನಾಣ್ಯರಾಶಿಯನ್ನು ಹೊರಗಿಟ್ಟಿತು. ಹೊಸದಾಗಿ ಕಟ್ಟಿಟ್ಟ ನಾಣ್ಯದಿಂದ ಸಾಕ್ಷಿಗಳನ್ನು ಆರಿಸಲು 30 ದಿನ ಕಾಯಬೇಕೆಂಬ ನಿಯಮ ಈಗ ಅಲ್ಲಿದೆ. ಬರಹಕ್ಕೆ ಹಾಕುವ ಓಟಿನ ತೂಕ ಮಾತ್ರ ಅಲ್ಲಿಯೂ ಖಾತೆಯಲ್ಲಿರುವ ನಾಣ್ಯಕ್ಕೇ ಜೋಡಿಕೊಂಡಿದೆ.